ಕೆಲಸ ಬಿಟ್ಟು ಕಾದಂಬರಿ ಬರೀಬೇಕಾ? ಮೊದಲು ಚಿತ್ತಾಲರನ್ನ ನೋಡೋಣ



ಓದೋ ಅಭ್ಯಾಸದ ಬಗ್ಗೆ ಮಾತಾಡಿದಾಗಿನಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರ್ತಾ ಇದೆ. ಗಚ್ಚಿಬೌಲಿಯವರೂ ಕೇಳಿದ್ರು, ಪುಣೆಯವರೂ ಕೇಳಿದ್ರು. "ಸರ್, ನನ್ನ ತಲೇಲಿ ಒಂದು ಕಾದಂಬರಿ ಇದೆ. ಆದರೆ ಕೆಲಸ, ಟ್ರಾಫಿಕ್ಕು, ಮಕ್ಕಳು. ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಇನ್ನೊಂದು ಫೈಲ್ ತೆಗೆಯೋಕೆ ಮನಸ್ಸೇ ಬರಲ್ಲ. ಈ ಕೆಲಸ ಬಿಟ್ರೆ ಮಾತ್ರ ಬರೆಯೋಕಾಗುತ್ತೆ ಅನ್ಸುತ್ತೆ. ಏನಂತೀರಾ?"

ನಾನೇನು ಪುಸ್ತಕ ಅಚ್ಚಾದ ಲೇಖಕನಲ್ಲ, ಮೊದಲೇ ಹೇಳಿಬಿಡ್ತೀನಿ. ಒಂದು ಕಾದಂಬರಿಯನ್ನ 4 ವರ್ಷದಿಂದ ಬರೀತಾ ಇದೀನಿ, ಅದಿನ್ನೂ ಮುಗಿದಿಲ್ಲ. ಹಾಗಾಗಿ ನನ್ನ ಉದಾಹರಣೆ ಆಮೇಲೆ. ಮೊದಲು ನಮಗಿಂತ ಬಹಳ ದೊಡ್ಡವರೊಬ್ಬರ ಕಡೆ ಹೋಗೋಣ.

ದಿನಾ ಕುಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತಿ ಅಮೀರ್‌ಪೇಟೆಯಲ್ಲಿ ಇಳಿದು, ರಾಯದುರ್ಗದ ಗಾಡಿ ಹಿಡೀತೀನಿ. ನಡುವೆ ಎರ್ರಗಡ್ಡ ಬರುತ್ತೆ. ಅದರ ಪಕ್ಕದ ಏರಿಯಾನೇ ಸನತ್‌ನಗರ, ಹಳೇ ಕೈಗಾರಿಕಾ ಪ್ರದೇಶ. ಅಲ್ಲಿ ಬೇಕಲೈಟ್ ಹೈಲಂ ಅನ್ನೋ ಕಂಪನಿಯ ಕಾರ್ಖಾನೆ ಇತ್ತು. ಲ್ಯಾಮಿನೇಟು, ರೆಸಿನ್ನು ಮಾಡೋ ಕಂಪನಿ. ಇದೇ ಕಂಪನಿಯಲ್ಲಿ ಕನ್ನಡದ ಒಬ್ಬ ದೊಡ್ಡ ಕಾದಂಬರಿಕಾರರು ದೊಡ್ಡ ಹುದ್ದೆಯಲ್ಲಿದ್ರು. ಅವರಿದ್ದದ್ದು ಮುಂಬೈಯಲ್ಲಿ. ಹೆಸರು ಯಶವಂತ ಚಿತ್ತಾಲ.

ಚಿತ್ತಾಲರು 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ್ರು, 2014ರಲ್ಲಿ ಮುಂಬೈಯಲ್ಲಿ ತೀರಿಕೊಂಡ್ರು. ಓದಿದ್ದು ರಾಸಾಯನಿಕ ತಂತ್ರಜ್ಞಾನ. ಕೆಲಸ ಪ್ಲಾಸ್ಟಿಕ್ಕು, ಪಾಲಿಮರು. ಅಂದ್ರೆ ನಮ್ಮ ಹಾಗೇನೇ ಒಂದು ಟೆಕ್ನಿಕಲ್ ಕೆಲಸ, ಊರಿಂದ ದೂರ, ಆಫೀಸಲ್ಲಿ ಇಂಗ್ಲಿಷು, ಬೀದಿಯಲ್ಲಿ ಬೇರೆ ಭಾಷೆ. ಹೀಗಿದ್ದೂ ಬರೆದದ್ದೆಲ್ಲಾ ಕನ್ನಡದಲ್ಲಿ. 'ಮೂರು ದಾರಿಗಳು' 1964ರಲ್ಲಿ, 'ಶಿಕಾರಿ' 1979ರಲ್ಲಿ, 'ಪುರುಷೋತ್ತಮ' 1990ರಲ್ಲಿ. 'ಕಥೆಯಾದಳು ಹುಡುಗಿ' ಕಥಾಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

'ಶಿಕಾರಿ' ಓದಿಲ್ಲದವರು ದಯವಿಟ್ಟು ಓದಿ. ನಾಗಪ್ಪ ಅಂತ ಒಬ್ಬ, ಮುಂಬೈಯ ಕಂಪನಿಯೊಂದರಲ್ಲಿ ಒಳ್ಳೇ ಹುದ್ದೆಯಲ್ಲಿರೋನು. ಇದ್ದಕ್ಕಿದ್ದ ಹಾಗೆ ಅವನನ್ನ ಕೆಲಸದಿಂದ ದೂರ ಇಡ್ತಾರೆ. ಯಾಕೆ ಅಂತ ಅವನಿಗೆ ಸರಿಯಾಗಿ ತಿಳಿಯಲ್ಲ. ಯಾರು ಸ್ನೇಹಿತ, ಯಾರು ಬೆನ್ನಟ್ಟೋನು ಅನ್ನೋದೂ ತಿಳಿಯಲ್ಲ. 'ನಾಳೆ 4 ಗಂಟೆಗೆ ಸಣ್ಣ ಮೀಟಿಂಗ್' ಅಂತ ಎಚ್‌ಆರ್ ಕಡೆಯಿಂದ ಇನ್ವೈಟ್ ಬಂದಾಗ ಹೊಟ್ಟೆಯಲ್ಲಿ ಏನಾಗುತ್ತೆ ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಆ ತಳಮಳವನ್ನ ನಮ್ಮ ಆಫೀಸುಗಳಲ್ಲಿ ಈಮೇಲೇ ಇಲ್ಲದ ಕಾಲದಲ್ಲಿ ಈ ಮನುಷ್ಯ ಬರೆದಿಟ್ಟಿದ್ದಾರೆ. ಹಳ್ಳಿಯಲ್ಲಿ ಕೂತು ಬರೆಯೋರಿಗೆ ಇದು ಸಿಗ್ತಿತ್ತಾ? ಆಫೀಸಿನ ಭಯ ಆಫೀಸಲ್ಲಿ ಇದ್ದೋರಿಗೇ ಗೊತ್ತು. ಚಿತ್ತಾಲರ ಕೆಲಸ ಅವರ ಸಮಯ ತಿಂದಿರಬಹುದು, ಆದರೆ ಅವರ ದೊಡ್ಡ ಕಾದಂಬರಿಗೆ ಸಾಮಗ್ರಿ ಕೊಟ್ಟಿದ್ದೂ ಅಂಥದ್ದೇ ಆಫೀಸು. ಹಂಗಂತ ಹನೇಹಳ್ಳಿ ಏನೂ ಬಿಟ್ಟುಹೋಗಲಿಲ್ಲ. ಮುಂಬೈಯಲ್ಲಿ ಕೂತು ಮತ್ತೆ ಮತ್ತೆ ಅಲ್ಲಿಗೇ ಹೋದ್ರು.

ಕೆಲಸ ಬಿಟ್ಟವರು ಇಲ್ವಾ ಅಂತ ಕೇಳ್ತೀರಿ. ಇದಾರೆ. ವಸುಧೇಂದ್ರ ಸುಮಾರು 20 ವರ್ಷ ಸಾಫ್ಟ್‌ವೇರಿನಲ್ಲಿದ್ದು ಆಮೇಲೆ ಬಿಟ್ರು, 'ತೇಜೋ-ತುಂಗಭದ್ರಾ' 2019ರಲ್ಲಿ ಬಂತು. ಆದರೆ ಕ್ರಮ ಗಮನಿಸಿ. ಕೆಲಸದಲ್ಲಿ ಇದ್ದಾಗಲೇ ಬರೀತಾ ಇದ್ರು, ಪುಸ್ತಕಗಳು ಬಂದಿದ್ವು, ಛಂದ ಪುಸ್ತಕ ಅನ್ನೋ ಪ್ರಕಾಶನವನ್ನೂ ಕಟ್ಟಿದ್ರು. ಬರವಣಿಗೆ ಮೊದಲು, ರಾಜೀನಾಮೆ ಆಮೇಲೆ. ನಾವು ಅಂದುಕೊಳ್ಳೋದು ಇದರ ಉಲ್ಟಾ. ರಾಜೀನಾಮೆ ಕೊಟ್ಟ ಮಾರನೇ ದಿನದಿಂದ ಬರೆಯೋಕೆ ಬರುತ್ತೆ ಅಂತ. ನೋಟಿಸ್ ಪೀರಿಯಡ್ ಮುಗಿಸಿ 6 ತಿಂಗಳು ಖಾಲಿ ಕೂತು, ಇಎಂಐ ಭಯಕ್ಕೆ ಮತ್ತೆ ಇಂಟರ್‌ವ್ಯೂಗೆ ಓಡಿದ ಸ್ನೇಹಿತ ನನಗೊಬ್ಬ ಇದಾನೆ. ಬರೆದದ್ದು 9 ಪುಟ.

ಸರಿ, ಹಾಗಾದ್ರೆ ಸಮಯ? ಆಂಟನಿ ಟ್ರೊಲೊಪ್ ಅಂತ ಇಂಗ್ಲಿಷ್ ಕಾದಂಬರಿಕಾರ, ಬ್ರಿಟಿಷ್ ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, 15 ನಿಮಿಷಕ್ಕೆ 250 ಪದ ಅಂತ ಲೆಕ್ಕ ಹಾಕಿ ಬರೀತಿದ್ದ. ಆಮೇಲೆ ಆಫೀಸಿಗೆ. 47 ಕಾದಂಬರಿ ಬರೆದ! ತನ್ನನ್ನ ಎಬ್ಬಿಸಿ ಕಾಫಿ ಕೊಡೋಕೆ ಅಂತಾನೇ ಕೆಲಸದವನಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡ್ತಿದ್ದನಂತೆ. ಸ್ಫೂರ್ತಿಯ ಬಗ್ಗೆ ಮಾತಾಡೋರು ಆ ಕೆಲಸದವನನ್ನ ಮರೀಬಾರದು. ನಮ್ಮಲ್ಲಿ ಆ ಕೆಲಸ ಮಾಡಿದ್ದು ವಾರಪತ್ರಿಕೆಗಳು. 'ಸುಧಾ', 'ತರಂಗ'ದಲ್ಲಿ ಧಾರಾವಾಹಿ ಬರೀತಿದ್ದೋರಿಗೆ ಮುಂದಿನ ಕಂತು ಕೊಡಲೇಬೇಕಿತ್ತು. ಓದುಗರು ಕಾಯ್ತಾ ಇರ್ತಿದ್ರು, ಸಂಪಾದಕರು ಇನ್ನೂ ಜೋರಾಗಿ ಕಾಯ್ತಾ ಇರ್ತಿದ್ರು. ಇವತ್ತು ನಮ್ಮ ಕಾದಂಬರಿಗೆ ಕಾಯೋರು ಯಾರೂ ಇಲ್ಲ. ಮೋಟಿವೇಶನ್ ಇಲ್ಲ ಅಂತ ನಾವು ಹೇಳೋದರ ಅರ್ಧ ಕಾರಣ ಇದೇ ಅಂತ ನನಗನ್ಸುತ್ತೆ.

ನನ್ನ ಹತ್ರ ಇರೋದು ಅಮೀರ್‌ಪೇಟೆಯಿಂದ ರಾಯದುರ್ಗದ ತನಕದ ಸುಮಾರು 20 ನಿಮಿಷ. ಸೀಟ್ ಸಿಗಲ್ಲ. ನಿಂತುಕೊಂಡೇ ಫೋನಿನಲ್ಲಿ ಟೈಪ್ ಮಾಡ್ತೀನಿ. ಅರ್ಧ ಪುಟ ಆಗುತ್ತೆ, ಕೆಲವು ದಿನ ನಾಲ್ಕು ಸಾಲು. ಮೊದಮೊದಲು ದಿನಕ್ಕೆ 1,667 ಪದ ಅಂತ ಗುರಿ ಇಟ್ಟುಕೊಂಡಿದ್ದೆ. ತಿಂಗಳಿಗೆ 50,000 ಪದದ ಕಾದಂಬರಿ ಮುಗಿಸೋ ಅಮೆರಿಕದ ಪಂಥ ಒಂದಿತ್ತಲ್ಲ, ಅದರ ಲೆಕ್ಕ. ಆ ಲೆಕ್ಕ ಕನ್ನಡಕ್ಕೆ ಒಗ್ಗಲ್ಲ ಮಾರಾಯ್ರೇ. ಇಂಗ್ಲಿಷಲ್ಲಿ ನಾಲ್ಕೈದು ಪದ ಬೇಕಾಗೋ ಕಡೆ ನಮಗೆ 'ಮನೆಯೊಳಗಿಂದಲೂ' ಅನ್ನೋ ಒಂದೇ ಪದ ಸಾಕು. ಇಂಗ್ಲಿಷ್ ಅಳತೆಗೋಲು ಹಿಡಿದು ನಾನು ಸೋಂಬೇರಿ ಅಂತ ಮೂರು ತಿಂಗಳು ನೊಂದುಕೊಂಡೆ. ಈಗ ಪದ ಎಣಿಸಲ್ಲ. ವಾರಕ್ಕೆ ಒಂದು ಸನ್ನಿವೇಶ ಮುಗೀಬೇಕು, ಅಷ್ಟೇ. ಇನ್ನೊಂದು ಚಿಕ್ಕ ಉಪಾಯ: ಇಳಿಯೋ ಮೊದಲು ವಾಕ್ಯ ಪೂರ್ತಿ ಮಾಡಲ್ಲ. ಅರ್ಧಕ್ಕೆ ಬಿಟ್ಟ ವಾಕ್ಯ ಮಾರನೇ ದಿನ ತಾನೇ ಕರೆಯುತ್ತೆ.

ಒಂದು ಎಚ್ಚರಿಕೆ. ಹಳೇ ನುಡಿ, ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್‌ಗಳಿದ್ರೆ ಇವತ್ತೇ ಯೂನಿಕೋಡಿಗೆ ಬದಲಾಯಿಸಿ ಇಟ್ಟುಕೊಳ್ಳಿ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನ ಕೂರಿಸಿದ್ರು. ಫಾಂಟ್ ಇಲ್ಲದ ಕಡೆ ತೆಗೆದ್ರೆ ನಿಮ್ಮ ಅಧ್ಯಾಯ ಕಸದ ಹಾಗೆ ಕಾಣುತ್ತೆ. ನನ್ನ ಕಾಲೇಜು ದಿನದ ಕಥೆಗಳನ್ನ ಹಾಗೇ ಕಸ ಅಂದುಕೊಂಡು ಡಿಲೀಟ್ ಮಾಡಿದ ಬುದ್ಧಿವಂತ ನಾನೇ.

ಈಗ ನಿಜವಾದ ಕಷ್ಟಕ್ಕೆ ಬರ್ತೀನಿ. ಅದು ಸಮಯ ಅಲ್ಲ, ಭಾಷೆ. ಹೈದರಾಬಾದಿಗೆ ಬಂದು ನನಗೆ 13 ವರ್ಷ. ಮನೆ ಹೊರಗೆ ತೆಲುಗು, ಆಟೋದಲ್ಲಿ ದಖನಿ, ಆಫೀಸಲ್ಲಿ ಇಂಗ್ಲಿಷು. ನನ್ನ ಕನ್ನಡ ನಾನು ಊರು ಬಿಟ್ಟ ವರ್ಷದಲ್ಲೇ ನಿಂತುಬಿಟ್ಟಿದೆ. ನನ್ನ ಪಾತ್ರಗಳು ನ್ಯೂಸ್ ಓದೋರ ಹಾಗೆ ಮಾತಾಡ್ತಿದ್ವು. ಫೋನಿನ ಕೀಬೋರ್ಡ್ ಬೇರೆ. ನಾನು 'ಹೊಂಟೀನಿ' ಅಂತ ಟೈಪ್ ಮಾಡೋಕೆ ಹೋದ್ರೆ ಅದು 'ಹೊರಟಿದ್ದೇನೆ' ಅಂತ ಸೂಚನೆ ಕೊಡುತ್ತೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಆಗಾಗ ಹೋಗ್ತೀನಿ, ಕನ್ನಡದ ದನಿ ಕಿವಿಗೆ ಬಿದ್ರೆ ಹಿತ ಅನ್ಸುತ್ತೆ. ಆದರೆ ನನ್ನ ಕಾದಂಬರಿಗೆ ಬೇಕಿದ್ದದ್ದು ರಾಯಚೂರು ಜಿಲ್ಲೆ ಮಾನ್ವಿ ಕಡೆಯ ಕನ್ನಡ. ಅದು ಇರೋದು ನಮ್ಮಪ್ಪನ ಬಾಯಲ್ಲಿ.

ಕಾದಂಬರಿ ನಮ್ಮ ತಾತನದ್ದು. ರಾಯಚೂರು, ಗುಲ್ಬರ್ಗ, ಬೀದರ್ ಎಲ್ಲಾ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲ. ಸರ್ಕಾರಿ ಕೆಲಸ, ಕೋರ್ಟು, ಮೇಲಿನ ಓದು ಎಲ್ಲಾ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಪಾಠ ಉರ್ದುವಿನಲ್ಲೇ. ನಮ್ಮ ತಾತ ಶಾಲಾ ಮಾಸ್ತರ. ಮನೆಯಲ್ಲಿ ಆಡೋದು ಕನ್ನಡ, ಬರೆಯೋಕೆ ಬರೋದು ಉರ್ದು ಮಾತ್ರ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಸಂಸ್ಥಾನ ಭಾರತಕ್ಕೆ ಸೇರಿತು. ಶಾಲೆಯಲ್ಲಿ ಇನ್ಮೇಲೆ ಕನ್ನಡ ಅಂದ್ರು. ತಾತ 40ನೇ ವಯಸ್ಸಿನಲ್ಲಿ ಕನ್ನಡ ಅಕ್ಷರ ಕಲಿಯಬೇಕಾಯಿತು.

ಇಷ್ಟು ನನಗೆ ಗೊತ್ತಿತ್ತು. ಉಳಿದದ್ದನ್ನ ನಾನೇ ಕಟ್ಟಿದೆ. ತಾತ ರಾತ್ರಿ ಶಾಲೆಗೆ ಹೋಗ್ತಾನೆ, ಅಲ್ಲೊಬ್ಬ ಯುವಕ ಕಲಿಸ್ತಾನೆ, ಅವರಿಬ್ಬರ ನಡುವೆ ಸ್ನೇಹ. ಮೂರು ಅಧ್ಯಾಯ, 34 ಪುಟ. ನನಗೇ ಬೋರ್ ಹೊಡೀತಿತ್ತು. ಸ್ಫೂರ್ತಿ ಬತ್ತಿಹೋಯ್ತು ಅಂದುಕೊಂಡು ಕಾದಂಬರಿ ಬರೆಯೋದು ಹೇಗೆ ಅನ್ನೋ ವಿಡಿಯೋಗಳನ್ನ ನೋಡ್ತಾ ಕೂತೆ. ಸುಮಾರು ಎಂಟು ತಿಂಗಳು! ಅಷ್ಟೂ ದಿನ ಅಪ್ಪ ಒಂದು ಫೋನಿನ ದೂರದಲ್ಲಿದ್ರು.

ಕೊನೆಗೊಂದು ಭಾನುವಾರ ಸುಮ್ಮನೆ ಕೇಳಿದೆ. "ಅಪ್ಪಾ, ತಾತ ಹೋಗ್ತಿದ್ದ ರಾತ್ರಿ ಶಾಲಿ ಎಲ್ಲಿತ್ತು?"

"ಯಾವ ರಾತ್ರಿ ಶಾಲಿನೂ ಇಲ್ಲ, ಏನೂ ಇಲ್ಲ" ಅಂದ್ರು ಅಪ್ಪ. "ಊರಾಗ ಮಾಸ್ತರ ಅನಿಸಿಕೊಂಡಾಂವ ಎಲ್ಲಿಗಿ ಹೋಗಿ ಕಲೀತಾನ? ನಾಚಿಕಿ. ನಾ ಮಕ್ಕೊಂಡ ಮ್ಯಾಲ ನನ್ನ ಪಾಟಿ ತಗೊಂಡು ಕಂದೀಲ ಮುಂದ ಕುಂತು ಅ ಆ ಇ ಈ ತಿದ್ದತಿದ್ದ. ನಾ ಬರದಿಟ್ಟದ್ದು ಅಳಿಸಿ ಹೋಗತಿತ್ತು. ಶಾಲ್ಯಾಗ ನಾ ಬಡತ ತಿಂತಿದ್ದೆ."

ಆಗ ಅಪ್ಪನಿಗೆ ಏಳೆಂಟು ವರ್ಷ. ಮನೆಪಾಠ ಬರೆದು ಮಲಗಿದ ಹುಡುಗ, ಬೆಳಿಗ್ಗೆ ಎದ್ರೆ ಪಾಟಿ ಖಾಲಿ. ಮನೆಯಲ್ಲಿ ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲ್ಲ. ಎಂಟು ತಿಂಗಳ ವಿಡಿಯೋಗಳು ಕೊಡಲಾರದ್ದನ್ನ ಅಪ್ಪ ಒಂದು ನಿಮಿಷದಲ್ಲಿ ಕೊಟ್ರು. ಅದೂ ನಾನು ಹುಡುಕ್ತಿದ್ದ ಕನ್ನಡದಲ್ಲೇ. 34 ಪುಟ ತೆಗೆದು ಹಾಕಿದೆ. ಬೇಜಾರೇನೂ ಆಗಲಿಲ್ಲ. ಸೋಮವಾರ ಮೆಟ್ರೋದಲ್ಲಿ ಬರೀತಾ ರಾಯದುರ್ಗ ಬಂದದ್ದೂ ಗೊತ್ತಾಗಲಿಲ್ಲ. ಕಡೇ ನಿಲ್ದಾಣ, ಸೆಕ್ಯುರಿಟಿಯವರು ಬಂದು ಇಳೀರಿ ಅಂದ್ರು.

ಹಾಗಾಗಿ 'ಸ್ಫೂರ್ತಿ ಎಲ್ಲಿಂದ ತರೋದು' ಅಂತ ಕೇಳೋರಿಗೆ ನಾನು ತಿರುಗಿ ಕೇಳೋದು ಇದನ್ನ: ನಿಮ್ಮ ಕಾದಂಬರಿಯ ವಿಷಯ ಗೊತ್ತಿರೋ ಮನುಷ್ಯ ಇನ್ನೂ ಇದಾರಾ? ಅವರ ಹತ್ರ ಕಡೇ ಸಲ ಯಾವಾಗ ಮಾತಾಡಿದ್ರಿ? 'ಊಟ ಆಯ್ತಾ, ಗುಳಿಗೆ ತಗೊಂಡ್ರಾ' ಅನ್ನೋದು ಬಿಟ್ಟು. ಬರೀ 'ಹಳೇ ಕಾಲ ಹೇಗಿತ್ತು' ಅಂತ ಕೇಳಿದ್ರೆ 'ಚೆನ್ನಾಗಿತ್ತು' ಅಂತಾರೆ, ಅಲ್ಲಿಗೆ ಮುಗೀತು. ತಪ್ಪಾದ್ರೂ ಪರವಾಗಿಲ್ಲ, ನಿಖರವಾಗಿ ಕೇಳಿ. ರಾತ್ರಿ ಶಾಲೆ ಅಂತ ನಾನು ತಪ್ಪು ಕೇಳಿದ್ದಕ್ಕೇ ಪಾಟಿ ಹೊರಗೆ ಬಂತು. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ, ಕೇಳಿದ ಮಾತನ್ನ ಅವರ ಉಚ್ಚಾರದಲ್ಲೇ ಬರೆದಿಡಿ.

ನನ್ನ ಮಗಳು ಇಲ್ಲಿ ಆರನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷ್, ತೆಲುಗು, ಹಿಂದಿ. ಕನ್ನಡ ಮಾತಾಡ್ತಾಳೆ, ಓದೋಕೆ ಬರಲ್ಲ. ತಾತನದ್ದೇ ಕಥೆ, ಬೇರೆ ಕಡೆಯಿಂದ. 'ಯಾರಿಗೆ ಬರೀತಿದೀಯಾ ಪಪ್ಪಾ, ನಾನಂತೂ ಓದೋಕಾಗಲ್ಲ' ಅಂತ ಒಂದಿನ ಕೇಳಿದ್ಲು. ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಪಾಟಿಯ ಪುಟಗಳನ್ನ ಮಾತ್ರ ಅವಳಿಗೆ ಓದಿ ಹೇಳಿದೆ. ಕೇಳಿ ಮುಗಿಸಿ, "ತಾತ ಏಟು ತಿಂದ್ರೂ ಅವರಪ್ಪನ ಹೆಸರು ಯಾಕೆ ಹೇಳಲಿಲ್ಲ?" ಅಂದ್ಲು.

ನನಗೆ ಹೊಳೆದಿರಲಿಲ್ಲ. ಮುಂದಿನ ಅಧ್ಯಾಯ ಅಲ್ಲೇ ನಿಂತಿದೆ. ಅಪ್ಪನಿಗೀಗ 84. ಕೆಲವು ಭಾನುವಾರ ಎಲ್ಲಾ ನೆನಪಿರುತ್ತೆ, ಕೆಲವು ಭಾನುವಾರ ನನ್ನನ್ನೇ ತಮ್ಮನ ಹೆಸರಿಂದ ಕರೀತಾರೆ. ಇದನ್ನ ಫೋನಿನಲ್ಲಿ ಕೇಳಬಾರದು ಅನ್ನಿಸಿ ಈ ಶನಿವಾರ ಮಗಳನ್ನ ಕರ್ಕೊಂಡು ರಾಯಚೂರು ಬಸ್ ಹತ್ತುತಾ ಇದೀನಿ. ಪ್ರಶ್ನೆ ಅವಳದ್ದು, ಅವಳೇ ಕೇಳಲಿ.