ಕಿಸೆಯಿಲ್ಲದ ಅಂಗಿಯ ಅಪ್ಪಾರು

ಅಂಗಿಗೆ ಕಿಸೆ ಇಡುವುದನ್ನು ದರ್ಜಿ ಮರೆತರೆ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಬೇಕೆಂದೇ ಕಿಸೆಯಿಲ್ಲದ ಅಂಗಿ ತೊಟ್ಟವರು. ಅದೂ ಕಾವಿಯಲ್ಲ, ಸಾದಾ ಬಿಳಿ ಬಟ್ಟೆ. ಇಡಲು ಜಾಗವೇ ಇಲ್ಲದ ಮೇಲೆ ಕೂಡಿಡುವ ಮಾತೆಲ್ಲಿ? ಭಕ್ತರು ‘ಅಪ್ಪಾರು’ ಎಂದು ಕರೆಯುತ್ತಿದ್ದ ಈ ಸಂತರ ಬದುಕನ್ನು ಆ ಅಂಗಿಯಿಂದಲೇ ಓದಲು ಶುರುಮಾಡಬಹುದು.

ಹುಟ್ಟೂರು ವಿಜಯಪುರ ಜಿಲ್ಲೆಯ ಬಿಜ್ಜರಗಿ, ಒಕ್ಕಲುತನದ ಮನೆ. ಹುಡುಗನಾಗಿದ್ದಾಗಲೇ ಜ್ಞಾನಯೋಗಾಶ್ರಮದ ಮಲ್ಲಿಕಾರ್ಜುನ ಸ್ವಾಮೀಜಿಯವರ ಬೆನ್ನುಹತ್ತಿದರು. ಗುರುವಿನ ಪ್ರವಚನ ಕೇಳುತ್ತ ಬೆಳೆದರೂ ಕಾಲೇಜಿನ ಓದು ತಪ್ಪಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಮುಗಿಸಿ, ಕೊಲ್ಲಾಪುರದಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿದರು.

ಆ ಓದೆಲ್ಲ ಕರಗಿ ಬಂದದ್ದು ಪ್ರವಚನದಲ್ಲಿ. ಒಂದು ಊರಿಗೆ ಬಂದರೆ ಹೆಚ್ಚೂಕಡಿಮೆ ತಿಂಗಳ ಮಾತು. ಸಮಯ ನಸುಕಿನದು. ಹೊಲಕ್ಕೆ ಹೋಗುವವರು, ಅಂಗಡಿ ತೆರೆಯುವವರು, ಶಾಲೆಯ ಮಕ್ಕಳು ಕೇಳಿ ಎದ್ದು ತಂತಮ್ಮ ಕೆಲಸಕ್ಕೆ ಹೋಗಬಹುದಿತ್ತು. ಉಪನಿಷತ್ತು, ಗೀತೆ, ಪತಂಜಲಿಯ ಯೋಗಸೂತ್ರ, ಅಲ್ಲಮನ ವಚನ ಎಲ್ಲವೂ ಬರುತ್ತಿದ್ದವು. ಬರುವಾಗ ಗಿಡ, ಮಳೆ, ಹಕ್ಕಿ, ಎರೆಹೊಲಗಳ ಜೊತೆಗೂಡಿ ಬರುತ್ತಿದ್ದವು. ದನಿ ಏರುತ್ತಿರಲಿಲ್ಲ. ಯಾವ ಮತವನ್ನೂ ಹಳಿಯುತ್ತಿರಲಿಲ್ಲ. ಮರಾಠಿ, ಹಿಂದಿ, ಇಂಗ್ಲಿಷಿನಲ್ಲೂ ಅವರು ಇದೇ ನಿಧಾನದಲ್ಲಿ ಮಾತಾಡಬಲ್ಲವರಾಗಿದ್ದರು.

ದುಡ್ಡಿಗೆ ಕಿಸೆ ಇಲ್ಲದ ಮೇಲೆ ಬಿರುದಿಗೂ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಪ್ರಧಾನಿಗೆ ಪತ್ರ ಬರೆದು, ಸನ್ಯಾಸಿಗೆ ಪ್ರಶಸ್ತಿಯ ಹಂಬಲವಿಲ್ಲವೆಂದು ವಿನಯದಿಂದಲೇ ಬಿಟ್ಟುಕೊಟ್ಟರು.

ಇದಕ್ಕಿಂತ ದೊಡ್ಡದೊಂದನ್ನು ಅವರು ಅದಕ್ಕೂ ಮೊದಲೇ ನಿರಾಕರಿಸಿ ಆಗಿತ್ತು. ನಮ್ಮ ಕಡೆ ಸ್ವಾಮಿಗಳು ಲಿಂಗೈಕ್ಯರಾದರೆ ಮಣ್ಣು ಮಾಡಿ ಗದ್ದುಗೆ ಕಟ್ಟುವುದು ವಾಡಿಕೆ. ಗದ್ದುಗೆಗೆ ಹರಕೆ, ಜಾತ್ರೆ, ಕಾಣಿಕೆ ಒಂದರ ಹಿಂದೊಂದು ಬರುತ್ತವೆ. ಯೋಚಿಸಿದರೆ ಅದೂ ಒಂದು ಕಿಸೆಯೇ. ತೊಟ್ಟವರು ಹೋದ ಮೇಲೂ ತುಂಬುತ್ತಲೇ ಇರುವಂಥದು. 2014ರ ಗುರುಪೂರ್ಣಿಮೆಯಂದು ಬರೆದಿಟ್ಟ ಅಂತಿಮ ಅಭಿವಂದನ ಪತ್ರದಲ್ಲಿ ಸ್ವಾಮೀಜಿ ಅದನ್ನೂ ಬಿಚ್ಚಿಹಾಕಿದ್ದರು. ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧದ ವಿಧಿಗಳು ಬೇಡ, ಚಿತಾಭಸ್ಮ ನದಿಗೋ ಸಾಗರಕ್ಕೋ ಸೇರಲಿ, ಸ್ಮಾರಕ ಕಟ್ಟಬಾರದು.

2023ರ ಜನವರಿ 2, ವೈಕುಂಠ ಏಕಾದಶಿಯಂದು ಅವರು ದೇಹ ಬಿಟ್ಟಾಗ ಆ ಪತ್ರ ಊರೂರಿನಲ್ಲಿ ಓದಿಸಿಕೊಂಡಿತು. ಮರುದಿನ ವಿಜಯಪುರದ ಸೈನಿಕ ಶಾಲೆಯ ಆವರಣದಲ್ಲಿ ಲಕ್ಷಾಂತರ ಜನ ಕೊನೆಯ ದರ್ಶನ ಪಡೆದರು. ಸಂಜೆ ಆಶ್ರಮದ ಅಂಗಳದಲ್ಲಿ ಚಿತೆ ಉರಿಯಿತು. ಬೂದಿ ಕೂಡಲಸಂಗಮದ ನೀರಿಗೂ ಗೋಕರ್ಣದ ಕಡಲಿಗೂ ಸೇರಿತು.

ಗದ್ದುಗೆ ಇಲ್ಲದ ಗುರುವನ್ನು ಎಲ್ಲಿ ಹುಡುಕುವುದು? ನಸುಕಿನಲ್ಲಿ ಮೊಬೈಲು ಒತ್ತಿದರೆ ಧ್ವನಿಮುದ್ರಣದೊಳಗಿಂದ ಅದೇ ನಿಧಾನದ ದನಿ ಬರುತ್ತದೆ. ಕೇಳಿ ಮುಗಿದ ಮೇಲೆ ಮೊಬೈಲನ್ನು ನಾವು ಕಿಸೆಗೇ ಇಳಿಬಿಡುತ್ತೇವೆ. ಅಪ್ಪಾರ ಮಾತು ಈಗ ಇರುವುದು ಅಲ್ಲಿ, ನಾವಿನ್ನೂ ಬಿಡಲಾರದ ಕಿಸೆಯಲ್ಲಿ.