‘ಊಟ ಆಯ್ತಾ?’ ಎಂದರೆ ಏನು ಹೇಳಲಿ?

ಗುರುಗ್ರಾಮದ ಆಫೀಸಿಗೆ ಹೋಗಲು ಹೌಜ್ ಖಾಸ್‌ನಲ್ಲಿ ಮೆಟ್ರೊ ಹತ್ತುತ್ತೇನೆ. ಉಳಿದವರು ಸೀಟು ಹುಡುಕುತ್ತಾರೆ. ನಾನು ಮುಂದೆ ಯಾವ ನಿಲ್ದಾಣದಲ್ಲಿ ಶೌಚಾಲಯ ಇದೆ ಎಂದು ಲೆಕ್ಕ ಹಾಕುತ್ತೇನೆ. ಮೂರು ವರ್ಷಗಳಿಂದ ನನಗೆ ಅಲ್ಸರೇಟಿವ್ ಕೊಲೈಟಿಸ್.

ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ ಎಬ್ಬಿಸುವ ಕಾಯಿಲೆ ಇದು. ಔಷಧಿಯಿಂದ ಹತೋಟಿಗೆ ಬರುತ್ತದೆ, ಆಗಾಗ ಕೆರಳುತ್ತದೆ. ರಕ್ತ, ನೋವು, ಸುಸ್ತು ಎಲ್ಲವನ್ನೂ ವೈದ್ಯರಿಗೆ ಹೇಳಿದ್ದೆ. ನಾಚಿಕೆಯನ್ನು ಮಾತ್ರ ಹೇಳಿರಲಿಲ್ಲ. ಕನ್ನಡದವರ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟೆ. ಬಿಸಿಬೇಳೆಬಾತ್ ಬೇಡವೆಂದರೆ ಕಾರಣ ಕೇಳುತ್ತಾರಲ್ಲ! ಹಾಸನದಿಂದ ಅಮ್ಮ ದಿನಾ ಫೋನಿನಲ್ಲಿ ‘ಊಟ ಆಯ್ತಾ?’ ಎಂದರೆ, ಖಾಲಿ ಹೊಟ್ಟೆಯಲ್ಲೇ ‘ಆಯ್ತಮ್ಮ’ ಎನ್ನುತ್ತಿದ್ದೆ.

ಒಮ್ಮೆ ವೈದ್ಯೆ, ‘ನೀಂದ್ ಆತೀ ಹೈ?’ ಎಂದು ಕೇಳಿದರು. ಉತ್ತರಕ್ಕೆ ಮೊದಲು ಕಣ್ಣೀರು ಬಂತು. ಈ ಕಾಯಿಲೆಯವರಲ್ಲಿ ಆತಂಕ, ಖಿನ್ನತೆ ಸಾಮಾನ್ಯ ಎಂದರು. ಒತ್ತಡವೇ ರೋಗಕ್ಕೆ ಮೂಲವಲ್ಲ. ಆದರೆ ಒತ್ತಡ ಹೆಚ್ಚಿದರೆ ಕರುಳು ಕೆರಳಬಹುದು, ಕರುಳು ಕೆರಳಿದರೆ ಮನಸ್ಸು ಕುಗ್ಗುತ್ತದೆ. ಎರಡಕ್ಕೂ ಚಿಕಿತ್ಸೆ ಬೇಕು.

ಹಿಂದಿಯಲ್ಲಿ ಆಫೀಸು ನಿಭಾಯಿಸಬಲ್ಲೆ, ಸಂಕಟ ಹೇಳಿಕೊಳ್ಳಲಾರೆ. ನನ್ನಂಥವರಿಗೆ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಅದರ ಭಾಷೆಗಳಲ್ಲಿ ಕನ್ನಡವೂ ಒಂದು.

ಕೊನೆಗೆ ಅಮ್ಮನಿಗೂ ಹೇಳಿದೆ. ‘ಖಾರ ತಿಂದೇ ಹೀಗಾಯ್ತೇನೋ’ ಎಂದಳು. ಅಲ್ಲವೆಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಾದಳು. ಈಗ ಅವಳ ಪ್ರಶ್ನೆ ಬದಲಾಗಿದೆ: ‘ಇವತ್ತು ಹೊಟ್ಟೆ ಹೇಗಿದೆ ಮಗಾ?’

ನಿಜವನ್ನೇ ಹೇಳುತ್ತೇನೆ.