ನೀರೊಳಗಿನ ನಡಿಗೆ

ವ್ಯಾಕರಣದ ಪಾಠ ಹೇಳುವವನಿಗೆ ವೈದ್ಯದ ಗೊಡವೆಯೇಕೆಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ಅಣ್ಣನವರಿಗೆ ಪಾರ್ಶ್ವವಾಯು ತಗುಲಿ ಬಲಗಾಲು ಸೋತಾಗ, ಕೆಲವು ತಿಂಗಳ ತರುವಾಯ ವೈದ್ಯರು ಅವರನ್ನು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿದರು. ನೆಲದ ಮೇಲೆ ಇಬ್ಬರ ಹೆಗಲನ್ನು ಆಶ್ರಯಿಸುತ್ತಿದ್ದವರು ಅಲ್ಲಿ ಕಂಬಿ ಹಿಡಿದು ನಾಲ್ಕು ಹೆಜ್ಜೆ ಇಟ್ಟುದನ್ನು ಕಂಡಂದಿನಿಂದ ಈ ಜಿಜ್ಞಾಸೆ ನನ್ನನ್ನು ಬಿಟ್ಟಿಲ್ಲ.

ಇದರ ಮರ್ಮ ಸರಳವಾದುದು. ನೀರಿನಲ್ಲಿ ಮುಳುಗಿದ ವಸ್ತು ತಾನು ಪಲ್ಲಟಗೊಳಿಸಿದ ನೀರಿನ ತೂಕದಷ್ಟು ಭಾರವನ್ನು ಕಳೆದುಕೊಳ್ಳುವುದೆಂಬುದು ಆರ್ಕಿಮಿಡೀಸನ ಸಿದ್ಧಾಂತ. ಸೊಂಟದವರೆಗಿನ ನೀರಿನಲ್ಲಿ ಕಾಲುಗಳು ಹೊರಬೇಕಾದುದು ದೇಹದ ತೂಕದ ಸುಮಾರು ಅರ್ಧ. ಕುತ್ತಿಗೆಯವರೆಗಾದರೆ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು. ದುರ್ಬಲವಾದ ಸ್ನಾಯು ಎತ್ತಲಾರದ ಅಂಗವನ್ನು ನೀರೇ ಎತ್ತಿಕೊಡುತ್ತದೆ; ವೇಗವಾಗಿ ಆಡಿಸಿದರೆ ಅದೇ ನೀರು ತಡೆಯೊಡ್ಡಿ ವ್ಯಾಯಾಮವನ್ನೂ ಮಾಡಿಸುತ್ತದೆ. ಹದವಾದ ಬಿಸುಪು ಸೆಟೆದ ಸ್ನಾಯುಗಳನ್ನು ಸಡಿಲಿಸುವುದು. ಬೀಳುವೆನೆಂಬ ಭಯವೂ ಅಲ್ಲಿ ಕಡಿಮೆ.

ಚರಕಸಂಹಿತೆ ಹೇಳುವ ಹದಿಮೂರು ಬಗೆಯ ಸ್ವೇದಗಳಲ್ಲಿ ಅವಗಾಹವೂ ಒಂದಷ್ಟೆ. ಆದರೆ ಅಲ್ಲಿ ಪ್ರಧಾನವಾದುದು ಶಾಖ, ಇಲ್ಲಿ ಚಲನೆ. ಎರಡನ್ನೂ ಒಂದೇ ಎಂದು ಸಾಧಿಸಹೊರಡುವುದು ನಮ್ಮಂಥ ಪಂಡಿತರ ಚಾಪಲ್ಯ.

ಈ ಪದ್ಧತಿಗೆ ಲೋಕಪ್ರಸಿದ್ಧಿ ಬಂದುದು ಅಮೆರಿಕದ ಜಾರ್ಜಿಯ ಸಂಸ್ಥಾನದ ವಾರ್ಮ್ ಸ್ಪ್ರಿಂಗ್ಸಿನಿಂದ. ಫ್ರಾಂಕ್ಲಿನ್ ರೂಸ್‌ವೆಲ್ಟರು 1921ರಲ್ಲಿ, ತಮ್ಮ 39ನೆಯ ವಯಸ್ಸಿನಲ್ಲಿ, ಕಾಲುಗಳ ಸ್ವಾಧೀನ ಕಳೆದುಕೊಂಡರು; ಪೋಲಿಯೊ ಎಂದು ವೈದ್ಯರು ನಿರ್ಣಯಿಸಿದರು. 1924ರಲ್ಲಿ ಅವರು ಅಲ್ಲಿಯ ಸುಮಾರು 31 ಡಿಗ್ರಿ ಸೆಂಟಿಗ್ರೇಡಿನ ಬುಗ್ಗೆನೀರಿಗೆ ಇಳಿದರು. 1926ರಲ್ಲಿ ಆ ಸ್ಥಳವನ್ನೇ ಕೊಂಡು, ಮರುವರ್ಷ ಪೋಲಿಯೊ ಪೀಡಿತರಿಗಾಗಿ ಸಂಸ್ಥೆಯನ್ನು ಕಟ್ಟಿದರು. ಆದರೂ ಅವರು ಆಸರೆಯಿಲ್ಲದೆ ಮತ್ತೆಂದೂ ನಡೆಯಲಿಲ್ಲ. ನೀರು ಉಳಿದಿರುವ ಶಕ್ತಿಯನ್ನು ಬೆಳೆಸೀತು, ಸತ್ತ ನರಕೋಶವನ್ನು ಬದುಕಿಸದು. ಆ ಕೊಳಕ್ಕೆ ಅಂದು ಕರಿಯ ರೋಗಿಗಳಿಗೆ ಪ್ರವೇಶವಿರಲಿಲ್ಲವೆಂಬುದನ್ನೂ ಮರೆಮಾಚಲಾಗದು. ಅವರಿಗಾಗಿ 1941ರಲ್ಲಿ ಟಸ್ಕೀಗಿಯಲ್ಲಿ ಬೇರೆ ಕೇಂದ್ರ ತೆರೆಯಬೇಕಾಯಿತು.

ಎಲ್ಲ ನರರೋಗಗಳಿಗೂ ಒಂದೇ ನೀರು ಒಗ್ಗದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯಲ್ಲಿ ದೇಹ ಬಿಸಿಯಾದರೆ ನಿಶ್ಶಕ್ತಿ ಹೆಚ್ಚುವುದುಂಟು. ಅಂಥವರಿಗೆ ತುಸು ತಣ್ಣನೆಯ ನೀರು ಬೇಕು. ಹತೋಟಿಗೆ ಬಾರದ ಮೂರ್ಛೆರೋಗ, ತೆರೆದ ಹುಣ್ಣು ಇದ್ದವರನ್ನು ಕೊಳಕ್ಕಿಳಿಸಬಾರದು. ಸ್ಪರ್ಶಜ್ಞಾನ ಕುಗ್ಗಿದವರಿಗೆ ನೀರಿನ ಶಾಖವನ್ನು ಮಾಪಕದಿಂದಲೇ ಅಳೆಯಬೇಕು. ಇದನ್ನು ನಾನು ಕಲಿತುದು ಪುಸ್ತಕದಿಂದಲ್ಲ. ಒಳ್ಳೆಯದಾಗಲೆಂದು ಹಂಡೆಯ ನೀರನ್ನು ಅಣ್ಣನವರ ಕಾಲಿಗೆ ಸುರಿದವನು ನಾನೇ. ಸುಟ್ಟುದು ಅವರಿಗೆ ತಿಳಿಯಲಿಲ್ಲ, ಬೊಬ್ಬೆ ಎದ್ದಾಗ ನಮಗೆ ತಿಳಿಯಿತು. ಆ ಗಾಯ ಮಾಯುವವರೆಗೆ ಆರು ವಾರ ಕೊಳದ ಅಭ್ಯಾಸ ನಿಂತಿತು.

ಈಗ ಅವರು ಕೋಲೂರಿಕೊಂಡು ಹಿತ್ತಲ ಬಾವಿಯವರೆಗೆ ಹೋಗುತ್ತಾರೆ. ಬಲಗೈ ಇನ್ನೂ ಪೂರ್ತಿ ಏಳುವುದಿಲ್ಲ.